ಅಂಗಡಿಯ ಜಾಲತಾಣ: ಬೀಗದ ಕೈ ಯಾರ ಬಳಿ?



ರವಿವಾರ ವಾಚನಾಲಯಕ್ಕೆ ಬರುವವರಲ್ಲಿ ಹಲವರು ಇತ್ತೀಚೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: “ನಮ್ಮ ಸಣ್ಣ ವ್ಯಾಪಾರಕ್ಕೂ ಒಂದು ಜಾಲತಾಣ ಬೇಕೇ? ಬೇಕಾದರೆ ತೆರೆಯುವುದು ಹೇಗೆ?” ಕೇಳಿದವರಲ್ಲಿ ಹೊಲಿಗೆ ಅಂಗಡಿಯವರಿದ್ದಾರೆ, ಖಾನಾವಳಿಯವರಿದ್ದಾರೆ, ಪಗಾರ ಸಾಲದೆ ಮನೆಯಲ್ಲಿ ಚಟ್ನಿಪುಡಿ ಮಾಡಿ ಮಾರುವವರೂ ಇದ್ದಾರೆ. ನಾವು ಗಿರಣಿಯ ಕಚೇರಿಯಲ್ಲಿ ಹಾಜರಿ ಮತ್ತು ಪಗಾರದ ಲೆಕ್ಕ ಬರೆಯುವವರು, ಮೆಟ್ರಿಕ್ ಓದಿದವರು, ಗಣಕಯಂತ್ರದ ಪಂಡಿತರಲ್ಲ. ಆದರೆ ಒಮ್ಮೆ ಎಡವಿದ್ದೇವೆ. ಎಡವಿ ಕಲಿತದ್ದನ್ನು ಇಲ್ಲಿ ಬರೆಯುತ್ತೇವೆ.

ನಮ್ಮ ಸದಸ್ಯರೊಬ್ಬರ ಮನೆಯವರು ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತಾರೆ. ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತೇವೆ. ಅವರಿಗೆ ಜಾಲತಾಣ ಮಾಡಿಕೊಟ್ಟವರು ಸ್ವಯಂಸೇವಕರಾದ ನಾವೇ. ಕೆಲಸ ಬೇಗ ಮುಗಿಯಲೆಂದು ತಾಣದ ಹೆಸರನ್ನು ನಮ್ಮಲ್ಲೊಬ್ಬರ ಇಮೇಲ್ ವಿಳಾಸ ಕೊಟ್ಟು ನೋಂದಾಯಿಸಿದೆವು. ಆ ಗೆಳೆಯರು ಮುಂದೆ ಬೇರೆ ಊರಿಗೆ ನೌಕರಿಗೆ ಹೋದರು. ಹಳೆಯ ಇಮೇಲ್ ನೋಡುವುದನ್ನು ಬಿಟ್ಟರು. ವರ್ಷ ತುಂಬಿತು. ನವೀಕರಣದ ಸೂಚನೆಗಳು ಯಾರೂ ತೆರೆಯದ ಪೆಟ್ಟಿಗೆಗೆ ಬಂದು ಬಿದ್ದವು. ಶ್ರಾವಣದಲ್ಲಿ ತಾಣ ನಿಂತಿತು. ಹಳೆಯ ಗಿರಾಕಿಗಳು ಫೋನಿನಲ್ಲೇ ಕೇಳುತ್ತಿದ್ದುದರಿಂದ ಯಾರ ಗಮನಕ್ಕೂ ಬರಲಿಲ್ಲ. ದೀಪಾವಳಿಗೆಂದು ಎರಡು ಸಾವಿರ ಹೊಸ ಚೀಟಿ ಅಚ್ಚು ಹಾಕಿಸಿದ ಮೇಲೆ ನೋಡಿದರೆ, ಆ ಹೆಸರು ಬೇರೆಯವರ ಪಾಲಾಗಿತ್ತು. ಅಕ್ಕ ನಮ್ಮನ್ನು ಬಯ್ಯಲಿಲ್ಲ. “ಇರ್ಲಿ ಬಿಡ್ರಿ, ಚೀಟಿ ಹಿಂದ ಹಾಲಿನ ಲೆಕ್ಕ ಬರಿತೀನಿ” ಅಂದರು. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು.

ಈಗ ಪಾಠಕ್ಕೆ ಬರೋಣ. ಜಾಲತಾಣಕ್ಕೆ ಮೂರು ಅಂಗಗಳು: ಹೆಸರು, ಜಾಗ, ಒಳಗಿನ ವಿಷಯ. ಅಂಗಡಿಗೆ ಬೋರ್ಡು, ಬಾಡಿಗೆ ಕೋಣೆ, ಸರಕು ಇದ್ದಂತೆ.

ಮೊದಲನೆಯದು ಹೆಸರು, ಇದನ್ನು ಡೊಮೇನ್ ಎನ್ನುತ್ತಾರೆ. ಡಾಟ್ ಕಾಮ್, ಡಾಟ್ ಇನ್ ಎಂದು ಕೊನೆಯಾಗುವುದು ಇದೇ. ನಮ್ಮ ದೇಶದ ಡಾಟ್ ಇನ್ ಹೆಸರುಗಳ ಉಸ್ತುವಾರಿ ನಿಕ್ಸಿ ಎಂಬ ಸಂಸ್ಥೆಯದು. ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳಲಾಗದು. ಅದು 1 ವರ್ಷದಿಂದ 10 ವರ್ಷದವರೆಗಿನ ಗುತ್ತಿಗೆ. ಅವಧಿ ಮುಗಿಯುವ ಮೊದಲೇ ಹಣ ಕಟ್ಟಿ ಮುಂದುವರಿಸಬೇಕು. ಡಾಟ್ ಕಾಮ್ ಹೆಸರು ರದ್ದಾದ ಮೇಲೂ 30 ದಿನ, ಹಳೆಯ ಒಡೆಯರೇ ಹೆಚ್ಚಿನ ಶುಲ್ಕ ತೆತ್ತು ಬಿಡಿಸಿಕೊಳ್ಳಲು ಅವಕಾಶವುಂಟು. ಅನಂತರ 5 ದಿನ ಕಳೆದರೆ ಅದು ಯಾರಿಗೆ ಬೇಕಾದರೂ ಸಿಗುತ್ತದೆ. ನಾವು ಇದನ್ನು ತಿಳಿದದ್ದು ತಡವಾಗಿ.

ಎರಡನೆಯದು ಜಾಗ, ಅಂದರೆ ಹೋಸ್ಟಿಂಗ್. ಇದಕ್ಕೂ ವರ್ಷದ ಬಾಡಿಗೆ ಉಂಟು. ಮೊದಲ ವರ್ಷದ ಅಗ್ಗದ ದರ ನೋಡಿ ಮರುಳಾಗದೆ ಎರಡನೆಯ ವರ್ಷದ ದರ ಕೇಳಿರಿ. ಸುರಕ್ಷತೆಯ ಪ್ರಮಾಣಪತ್ರ ಇಲ್ಲದ ತಾಣವನ್ನು ಬ್ರೌಸರ್ ‘ಸುರಕ್ಷಿತವಲ್ಲ’ ಎಂದು ತೋರಿಸುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಇದನ್ನು ಉಚಿತವಾಗಿ ಕೊಡುತ್ತದೆ. ಆದ್ದರಿಂದ ಇದಕ್ಕೆ ದೊಡ್ಡ ಮೊತ್ತ ಕೇಳಿದರೆ ವಿಚಾರಿಸಿ ಕೊಡಿರಿ.

ಮೂರನೆಯದು ವಿಷಯ. ಏನು ಮಾರುತ್ತೀರಿ, ಬೆಲೆ ಎಷ್ಟು, ಎಲ್ಲಿಗೆ ತಲುಪಿಸುತ್ತೀರಿ, ಯಾವ ಫೋನಿಗೆ ಕರೆ ಮಾಡಬೇಕು, ಇಷ್ಟು ಸ್ಪಷ್ಟವಾಗಿರಲಿ. ತಿನಿಸು ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆ ಹಾಕಬೇಕು. ಕನ್ನಡವನ್ನು ಯೂನಿಕೋಡಿನಲ್ಲೇ ಬರೆಸಿರಿ. ಹಳೆಯ ಅಕ್ಷರಮಾದರಿಯಲ್ಲಿ ಬರೆದರೆ ಬೇರೆಯವರ ಫೋನಿನಲ್ಲಿ ಅರ್ಥವಾಗದ ಗುರುತುಗಳು ಮೂಡುತ್ತವೆ. ಬೆಲೆಪಟ್ಟಿಯನ್ನು ಚಿತ್ರವಾಗಿ ಅಂಟಿಸದೆ ಅಕ್ಷರಗಳಲ್ಲೇ ಬರೆಸಿದರೆ ಹುಡುಕುವವರಿಗೆ ಸುಲಭವಾಗಿ ಸಿಗುತ್ತದೆ.

ತೆರೆದ ಮೇಲೆ ಮರೆಯಬಾರದು. ತಿಂಗಳ ಮೊದಲ ರವಿವಾರ ಬೇರೆಯವರ ಫೋನಿನಲ್ಲಿ ನಿಮ್ಮ ತಾಣ ತೆರೆದು ನೋಡಿರಿ. ಬೆಲೆ ಸರಿಯಾಗಿದೆಯೇ? ಬರೆದ ನಂಬರಿಗೆ ಕರೆ ಹೋಗುತ್ತದೆಯೇ? ತಾಣದ ಒಂದು ಪ್ರತಿ ನಿಮ್ಮ ಬಳಿ ಇದೆಯೇ? ಜಾಲದ ಮೂಲಕ ಮಾರುವವರು ಗಿರಾಕಿಯ ದೂರು ತಲುಪಿತೆಂದು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂದು 2020ರ ಇ-ವಾಣಿಜ್ಯ ನಿಯಮಗಳು ಹೇಳುತ್ತವೆ. ಇನ್ನೊಂದು ಎಚ್ಚರಿಕೆ: ಯುಪಿಐ ಮೂಲಕ ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಹಣ ಕಳಿಸುತ್ತೇವೆ, ಪಿನ್ ಒತ್ತಿರಿ ಎಂದವರು ಗಿರಾಕಿಗಳಲ್ಲ, ಠಕ್ಕರು.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ತಾಣ ಮಾಡಿಕೊಡುವವರು ತಮ್ಮನಾಗಿರಲಿ, ಗೆಳೆಯನಾಗಿರಲಿ, ನಾವೇ ಆಗಿರಲಿ, ಕೊನೆಯ ಕಂತು ಕೊಡುವ ಮೊದಲು ಮೂರು ಪ್ರಶ್ನೆ ಕೇಳಿರಿ. ಹೆಸರು ನೋಂದಣಿಯಾದದ್ದು ನನ್ನ ಹೆಸರಿನಲ್ಲಿಯೇ? ಸೂಚನೆಗಳು ಬರುವ ಇಮೇಲ್, ಓಟಿಪಿ ಬರುವ ಫೋನ್ ನನ್ನವೇ? ಅವಧಿ ಮುಗಿಯುವ ದಿನ ಯಾವುದು? ಉತ್ತರಗಳನ್ನು ಅಂಗಡಿಯ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿರಿ. ಪಾಸ್‌ವರ್ಡ್ ಮಾತ್ರ ಅಲ್ಲಿ ಬೇಡ.

ಎಲ್ಲರಿಗೂ ತಾಣ ಬೇಕೇಬೇಕೆಂದು ನಾವು ಹೇಳುವುದಿಲ್ಲ. ಓಣಿಯ ಗಿರಾಕಿಗಳೇ ಸಾಕಾದವರು ಗೂಗಲ್ ನಕ್ಷೆಯಲ್ಲಿ ಅಂಗಡಿಯನ್ನು ನಮೂದಿಸಿದರೆ ಸದ್ಯಕ್ಕೆ ಸಾಕು, ಅದಕ್ಕೆ ಶುಲ್ಕವಿಲ್ಲ. ಊರ ರುಚಿಯನ್ನು ದೂರದವರಿಗೂ ಕಳಿಸಬೇಕೆನ್ನುವವರು ತಾಣ ತೆರೆಯಲಿ. ವಾಚನಾಲಯದಲ್ಲಿ ನಾವು ಉಚಿತವಾಗಿ ನೆರವಾಗುತ್ತೇವೆ. ಬರುವಾಗ ನಿಮ್ಮದೇ ಫೋನ್ ತನ್ನಿರಿ. ನಮ್ಮದರಲ್ಲಿ ಇನ್ನು ಮುಂದೆ ಯಾರ ಹೆಸರನ್ನೂ ನೋಂದಾಯಿಸುವುದಿಲ್ಲ.

ಅಕ್ಕನವರ ಹೊಸ ತಾಣ ಈಗ ಅವರದೇ ಹೆಸರಿನಲ್ಲಿದೆ. ಅವಧಿ ಮುಗಿಯುವ ದಿನವನ್ನು ಅಡಿಗೆಮನೆಯ ಗೋಡೆಯ ಮೇಲೆ ತೂಗುಹಾಕಿದ್ದಾರೆ. ಬರೆದದ್ದು ಆ ಹಳೆಯ ಚೀಟಿಯ ಹಿಂಬದಿಯಲ್ಲಿ.