ಒಂದು ಈಡಿಗೆ ಎಷ್ಟು ಬೀಳುತ್ತದೆ?

ಹೊಸ ಕೋವಿ ತಂದ ಮೇಲೆ ಮನೆಗೆ ಬಂದವರು ಕೇಳುವುದು ಎರಡೇ ಪ್ರಶ್ನೆ. ಎಷ್ಟು ಕೊಟ್ರಿ? ಏನಾದ್ರೂ ಬಿತ್ತಾ? ಎರಡನೆಯದಕ್ಕೆ ಉತ್ತರ ಚಿಕ್ಕದು: ಏನೂ ಬಿದ್ದಿಲ್ಲ, ಬೀಳಿಸುವ ಹಾಗೂ ಇಲ್ಲ. ಮೊದಲನೆಯದಕ್ಕೆ 38,000 ರೂಪಾಯಿ ಎನ್ನುತ್ತೇನೆ. ಅದು ಅಂಗಡಿಯ ಬಿಲ್ಲು ಹೇಳುವ ಲೆಕ್ಕ. ಹೊಸನಗರದ ಕಡೆ ನಾಲ್ಕೆಕರೆ ಅಡಿಕೆ ತೋಟ ಇಟ್ಟುಕೊಂಡವನಿಗೆ ಕೋವಿ ನಿಜಕ್ಕೂ ಎಷ್ಟಕ್ಕೆ ಬೀಳುತ್ತದೆ ಎಂಬುದು ಬೇರೆಯೇ ಲೆಕ್ಕ.

ಅಪ್ಪಯ್ಯನ ಕಾಲದ್ದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ಗಿಡಿದು, ಚರೆ ಹಾಕಿ, ಮತ್ತೆ ನಾರು ಗಿಡಿದು, ಕೇಪು ಏರಿಸುವಷ್ಟರಲ್ಲಿ ಮಂಗಗಳು ನಮ್ಮ ತೋಟ ಮುಗಿಸಿ ಪಕ್ಕದವರಲ್ಲಿಗೆ ಹೋಗಿರುತ್ತಿದ್ದವು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆ ಮೊದಲು ಹೆಸರಿಸುವುದು ಹೀಗೆ ಬಾಯಿಂದ ಮದ್ದು ತುಂಬುವ ಕೋವಿಯನ್ನೇ. ಅದು ಸಾಲದು ಎಂದು ಲೈಸೆನ್ಸ್ ಕೊಡುವ ಅಧಿಕಾರಿಗೆ ಮನವರಿಕೆಯಾದರೆ, ಒಳಗೆ ಗೀರಿಲ್ಲದ, 20 ಇಂಚಿಗಿಂತ ಕಡಿಮೆಯಿಲ್ಲದ ನಳಿಗೆಯ ಬೇರೆ ಬಂದೂಕಿಗೂ ಅವಕಾಶವಿದೆ. ಆ ಸಾಲನ್ನೇ ಹಿಡಿದು ನಾನು ಅರ್ಜಿ ಹಾಕಿದೆ. ಪಹಣಿ, ಪೊಲೀಸ್ ವರದಿ, ತರಬೇತಿಯ ಪ್ರಮಾಣಪತ್ರ, ಬೀಗ ಹಾಕಿ ಇಡುತ್ತೇನೆ ಎಂಬ ಮುಚ್ಚಳಿಕೆ, ಇವೆಲ್ಲ ಕೂಡಿ ಬರುವಷ್ಟರಲ್ಲಿ ಒಂದು ಕೊಯ್ಲು ಮುಗಿದು ಇನ್ನೊಂದರ ಕೊನೆ ಹೊರಟಿತ್ತು. ಕೊಡಗಿನವರಿಗಾದರೆ ಈ ರಗಳೆ ಇಲ್ಲ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ ಎಂದು ನಮ್ಮ ಕಡೆಯವರು ಆಗಾಗ ಹೊಟ್ಟೆಕಿಚ್ಚು ಪಡುವುದುಂಟು.

ಅಷ್ಟರಲ್ಲಿ ಬೆಂಗಳೂರಿನಲ್ಲಿರುವ ಅಕ್ಕನ ಮಗ ಒಂದು ವಿಡಿಯೊ ಕಳಿಸಿದ. "ಮಾವ, ಆ ಒಂಟಿ ನಳಿಗೆ ಯಾಕೆ ತಗೊಳ್ತೀರಿ? ಇದನ್ನ ನೋಡಿ." ಅಮೆರಿಕದವನೊಬ್ಬ ಮೋಟು ರೈಫಲ್ ಹಿಡಿದು ತಗಡಿನ ಗುರಿಗಳನ್ನು ಟಣಟಣ ಬೀಳಿಸುತ್ತಿದ್ದ. ಪಿಸ್ತೂಲ್ ಕ್ಯಾಲಿಬರ್ ಕಾರ್ಬೈನ್ ಅಂತೆ. ಪಿಸ್ತೂಲಿನ ತೋಟಾವನ್ನೇ ಭುಜಕ್ಕೆ ಆನಿಸಿ ಹೊಡೆಯುವ ಬಂದೂಕಿನಲ್ಲಿ ಹಾಕುವುದು. ಹಣದ ಕಣ್ಣಿನಿಂದ ನೋಡಿದರೆ ಜಾಣತನದ ಯೋಚನೆಯೇ. ರೈಫಲ್ ತೋಟಾಕ್ಕಿಂತ 9 ಎಂ.ಎಂ. ಪಿಸ್ತೂಲ್ ತೋಟಾ ಅಲ್ಲಿ ಅಗ್ಗ, ಒದೆತ ಕಡಿಮೆ, ಹತ್ತಿರದ ಗುರಿಗೆ ಧಾರಾಳ ಸಾಕು. ದಿನಕ್ಕೆ ನೂರಾರು ಗುಂಡು ಹೊಡೆದು ಅಭ್ಯಾಸ ಮಾಡುವ ಕ್ರೀಡಾಪಟುವಿಗೆ ಒಂದೊಂದು ತೋಟಾದ ಬೆಲೆಯೂ ಮುಖ್ಯ. ಆದರೆ ನಮ್ಮಲ್ಲಿ 9 ಎಂ.ಎಂ. ಎಂದರೆ ಸೇನೆ, ಪೊಲೀಸರ ತೋಟಾ. ಅದನ್ನು ಹಾಕಿ ಹೊಡೆಯಬಲ್ಲ ಪಿಸ್ತೂಲು, ಕಾರ್ಬೈನುಗಳನ್ನು 2016ರ ಶಸ್ತ್ರಾಸ್ತ್ರ ನಿಯಮಗಳು ನಿರ್ಬಂಧಿತ ವರ್ಗದಲ್ಲಿ ಇಟ್ಟಿವೆ. ಮಲೆನಾಡಿನ ಅಡಿಕೆ ಬೆಳೆಗಾರನಿಗೆ ಅದು ವಿಡಿಯೊದಲ್ಲಿ ನೋಡುವುದಕ್ಕಷ್ಟೇ. ಸದ್ಯ, ಎಂದಳು ಹೆಂಡತಿ.

ಹಾಗಾಗಿ ಬಂದದ್ದು 12 ಬೋರಿನ ಒಂಟಿ ನಳಿಗೆ. ನಮ್ಮ ದೇಶದ್ದೇ ತಯಾರಿ. ಬುಡದಲ್ಲಿ ಮಡಚಿ, ಒಂದು ತೋಟಾ ಇಟ್ಟು, ಮುಚ್ಚಿ, ಹೊಡೆಯುವುದು. ಮೂರು ಕೆ.ಜಿ. ಆಸುಪಾಸು ತೂಕ. ತೋಟದ ಕಾಲುಸಂಕ, ಬಸಿಗಾಲುವೆ ದಾಟುತ್ತ ಒಂದು ಸುತ್ತು ಬರುವವರೆಗೆ ಹಗುರ, ಎರಡನೇ ಸುತ್ತಿಗೆ ಭಾರ. ಟ್ರಿಗರ್ ಬಿಗಿ, ಇದನ್ನು ಕೊರತೆ ಎನ್ನುವವರಿದ್ದಾರೆ, ಮಕ್ಕಳಿರುವ ಮನೆಯಲ್ಲಿ ನನಗೆ ಇದೇ ಸರಿ. ನಳಿಗೆಯ ತುದಿಯಲ್ಲಿ ಒಂದು ಹಿತ್ತಾಳೆ ಮಣಿ ಬಿಟ್ಟರೆ ಗುರಿ ನೋಡಲು ಬೇರೇನೂ ಇಲ್ಲ. ಕೇಪಿನ ಕೋವಿಯಲ್ಲಿ ಹೊಗೆ ಕರಗುವವರೆಗೆ ಕಾಯಬೇಕಿತ್ತು, ಇದರಲ್ಲಿ ಹೊಗೆಯೇ ಇಲ್ಲವೆನ್ನಬೇಕು. ಒದೆತ ಮಾತ್ರ ಜೋರು.

ಕೊಳ್ಳುವಾಗ ಯಾರೂ ಹೇಳದ ಖರ್ಚು ಮಳೆಗಾಲದ್ದು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ, ನಮ್ಮ ತಾಲ್ಲೂಕಿನ ಹುಲಿಕಲ್ ಎಂದರೆ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಇಲ್ಲಿ ಗೋಡೆಯೇ ಬೆವರುತ್ತದೆ. ಕೋವಿಯನ್ನು ಅದರ ಜೊತೆ ಬಂದ ಕ್ಯಾನ್‌ವಾಸ್ ಚೀಲದಲ್ಲಿ ಇಟ್ಟರೆ ಚೀಲ ತೇವ ಕುಡಿದು ನಳಿಗೆಗೆ ಕೊಡುತ್ತದೆ. ಚೀಲ ಬೇಡ. ಬೀಗವಿರುವ ಕಬ್ಬಿಣದ ಕಪಾಟು ಮಾಡಿಸಿ, ಅಡುಗೆಮನೆಯ ಒಲೆಯ ಕಾವು ತಾಗುವ ಒಳಗೋಡೆಗೆ ಕೂರಿಸಿದ್ದೇನೆ. ಕೊಬ್ಬರಿ ಎಣ್ಣೆ ಹಚ್ಚಿದರೆ ಜಿಗುಟಾಗಿ ಕೂರುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಸಾಕು, ವಾರಕ್ಕೊಮ್ಮೆ. ಅಪ್ಪಯ್ಯನ ಸ್ನೇಹಿತರ ಕಾಲದಲ್ಲಿ ಕಾಗದದ ತೋಟಾಗಳು ಆಟಿಯಲ್ಲಿ ಉಬ್ಬಿ ನಳಿಗೆಯೊಳಗೆ ಇಳಿಯುತ್ತಲೇ ಇರಲಿಲ್ಲವಂತೆ. ಈಗಿನ ಪ್ಲಾಸ್ಟಿಕ್ ತೋಟಾಕ್ಕೆ ಆ ತೊಂದರೆ ಇಲ್ಲ, ಬೆಲೆ ಮಾತ್ರ ಒಂದಕ್ಕೆ ನೂರರ ಮೇಲೆ.

ಲೆಕ್ಕ ಹೀಗಿದೆ. ಕೋವಿಗೆ 38,000. ಕಪಾಟು, ತರಬೇತಿ, ಶಿವಮೊಗ್ಗದ ಓಡಾಟ, ಶುಲ್ಕ ಎಲ್ಲ ಸೇರಿ ಇನ್ನೊಂದು 14,000. ಒಟ್ಟು 52,000ವನ್ನು ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 5,200. ವರ್ಷಕ್ಕೆ ಸುಮಾರು ನಲವತ್ತು ತೋಟಾ, ತಲಾ 120ರಂತೆ 4,800. ನವೀಕರಣ, ಎಣ್ಣೆ, ಸಣ್ಣಪುಟ್ಟ ರಿಪೇರಿಗೆ 1,500. ಅಲ್ಲಿಗೆ ವರ್ಷಕ್ಕೆ 11,500. ನಲವತ್ತರಿಂದ ಭಾಗಿಸಿದರೆ ಒಂದು ಈಡಿಗೆ ಸುಮಾರು 290 ರೂಪಾಯಿ. ಈಡು ಎಂದರೂ ಅದು ಆಕಾಶಕ್ಕೆ ಹಾರಿಸುವ ಬರೀ ಶಬ್ದ.

ಬರೀ ಶಬ್ದ ಯಾಕೆಂದರೆ, ನಮ್ಮ ತೋಟದ ಮುಖ್ಯ ಕಳ್ಳನನ್ನು ಹೊಡೆಯುವ ಹಾಗಿಲ್ಲ. 2022ರ ತಿದ್ದುಪಡಿಯ ಮೇಲೆ ನಮ್ಮ ಊರಿನ ಕೆಂಪು ಮೂತಿಯ ಮಂಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟದಲ್ಲಿದೆ, ಹುಲಿಯ ಸಾಲಿನಲ್ಲಿ. ಕಾಡುಹಂದಿ ಎರಡನೆಯದರಲ್ಲಿ, ಬೆಳೆ ಹಾಳು ಮಾಡಿದರೂ ಅರಣ್ಯ ಇಲಾಖೆಯ ಆದೇಶವಿಲ್ಲದೆ ಹೊಡೆದರೆ ಕೇಸು. ಕುವೆಂಪು 'ಮಲೆನಾಡಿನ ಚಿತ್ರಗಳು' ಬರೆದ ಕಾಲದ ಷಿಕಾರಿ 1972ರ ಕಾಯ್ದೆಯೊಂದಿಗೆ ಮುಗಿದ ಕಥೆ. ತೀರ್ಥಹಳ್ಳಿ ಕಡೆಯ ಮದುವೆ ಮನೆಗಳಲ್ಲಿ ಎಲೆಅಡಿಕೆ ಹಾಕಿಕೊಂಡು ಹಿರಿಯರು ಹೇಳುವ ಬೇಟೆಯ ಪ್ರಸಂಗಗಳನ್ನು ಕೇಳಿ ಕೋವಿ ಕೊಳ್ಳಲು ಹೊರಡುವ ಹುಡುಗರು ಇದನ್ನು ಮೊದಲು ತಿಳಿಯಬೇಕು. ಲೈಸೆನ್ಸಿನಲ್ಲಿ 'ಬೆಳೆ ರಕ್ಷಣೆ' ಎಂದು ಬರೆದಿರುತ್ತದೆ, ಕೊಲ್ಲಲು ಅನುಮತಿ ಎಂದಲ್ಲ.

ಶಬ್ದ ಕೆಲಸ ಮಾಡುತ್ತದೆಯೇ? ಮಾಡುತ್ತದೆ. ಮೊದಲ ತಿಂಗಳು ನಾನು ಛತ್ರಿ ಹಿಡಿದು ಹೋದರೂ ಮಂಗಗಳು ಕೋವಿ ಎಂದುಕೊಂಡು ಓಡುತ್ತಿದ್ದವು. ಆಮೇಲೆ ಛತ್ರಿಗೂ ಕೋವಿಗೂ ವ್ಯತ್ಯಾಸ ಕಲಿತವು. ಅದಾದ ಮೇಲೆ ಕೋವಿ ಹಿಡಿದವನು ಗುರಿಯಿಡುವುದೇ ಇಲ್ಲ ಎಂಬುದನ್ನೂ. ಈಗ ಈಡು ಹಾರಿದರೆ ದರೆಯ ಆಚೆ ಹೋಗಿ ಕೂತು, ನಾನು ಮನೆ ಸೇರುವುದನ್ನು ನೋಡಿಕೊಂಡು ವಾಪಸ್ ಬರುತ್ತವೆ. ಎಳೆ ಅಡಿಕೆ ಕಚ್ಚಿ ರಸ ಹೀರಿ ಉದುರಿಸುವುದು ಅವುಗಳ ಚಟ. ತಿಂದದ್ದಕ್ಕಿಂತ ಕೆಳಗೆ ಹಾಸಿದ್ದೇ ಹೆಚ್ಚು.

ನಮ್ಮ ತೋಟದಲ್ಲಿ ಹೀಗೆ ಹಾಳಾಗುವುದು, ನನ್ನ ಅಂದಾಜಿನಲ್ಲಿ, ವರ್ಷಕ್ಕೆ ಒಂದು ಕ್ವಿಂಟಾಲ್ ಒಣ ಅಡಿಕೆಯಷ್ಟು. ರಾಶಿ ಇಡಿಗೆ ಸಾಗರದ ಮಾರುಕಟ್ಟೆಯಲ್ಲಿ ಕ್ವಿಂಟಾಲಿಗೆ 50,000 ಹಿಡಿದರೂ, ಕೋವಿ ಅದರಲ್ಲಿ ಅರ್ಧ ಉಳಿಸಿದರೆ 25,000 ಉಳಿತಾಯ, 11,500 ಖರ್ಚು. ಕಾಗದದ ಮೇಲೆ ಒಳ್ಳೆಯ ಹೂಡಿಕೆ. ಮ್ಯಾಮ್ಕೋಸ್ ಅಡಿಕೆ ಸಹಕಾರ ಸಂಘದ ಮುಂದೆ ಸಿಕ್ಕವರಿಗೆಲ್ಲ ಹೀಗೇ ಹೇಳಿಕೊಂಡು ಓಡಾಡಬಹುದಿತ್ತು, 2024ರ ಲೋಕಸಭಾ ಚುನಾವಣೆ ಬಾರದಿದ್ದರೆ.

ಆ ಸಲ ನೀತಿಸಂಹಿತೆ ಮಾರ್ಚ್ 16ಕ್ಕೆ ಬಂತು. ನಮ್ಮ ಜಿಲ್ಲೆಯಲ್ಲಿ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಠೇವಣಿ ಇಡಬೇಕೆಂಬ ಆದೇಶದಂತೆ ಅಷ್ಟೂ ದಿನ ಕೋವಿ ಠಾಣೆಯಲ್ಲಿ. ಹಿಂದಿನ ವರ್ಷದ ವಿಧಾನಸಭಾ ಚುನಾವಣೆಯಲ್ಲೂ ಇದೇ ಕಥೆ. ಎಳೆ ಅಡಿಕೆಗೆ ಮಂಗ ಬೀಳುವ ಕಾಲಕ್ಕೂ ನಮ್ಮ ಚುನಾವಣೆಗಳಿಗೂ ಯಾರೋ ಕೂತು ಮುಹೂರ್ತ ಕೂಡಿಸಿದ ಹಾಗಿದೆ. ಲೈಸೆನ್ಸುಗಳನ್ನು ಪರಿಶೀಲನಾ ಸಮಿತಿ ಒಂದೊಂದಾಗಿ ನೋಡಿ ತೀರ್ಮಾನಿಸಬೇಕು ಎಂದು ಚುನಾವಣಾ ಆಯೋಗದ ಸೂಚನೆಯೇ ಇದೆ, ಬೆಳೆಗಾರರು ವಿನಾಯಿತಿಗೆ ಅರ್ಜಿ ಹಾಕಬಹುದು. ಸಿಕ್ಕಿದವರಿದ್ದಾರೆ, ನನಗೆ ಸಿಗಲಿಲ್ಲ. ಪರವಾನಗಿ ಇರುವ ಬಂದೂಕು ಅಂಗಡಿಯಲ್ಲೂ ಠೇವಣಿ ಇಡಬಹುದು, ಬಾಡಿಗೆ ಕೊಡಬೇಕು. ಠಾಣೆಗೆ ಬಾಡಿಗೆ ಇಲ್ಲ; ಎಣ್ಣೆ ಹಚ್ಚುವವರೂ ಇಲ್ಲ.

ಕೋವಿ ಇಲ್ಲದ ಆ ತಿಂಗಳುಗಳಲ್ಲಿ ನಾನೂ ಕೆಲಸಕ್ಕೆ ಬರುವ ಇಬ್ಬರೂ ಪಾಳಿಯಲ್ಲಿ ಡಬ್ಬ ಬಡಿದು ಕೂಗು ಹಾಕುತ್ತ ಸುತ್ತಿದೆವು. ಆ ವರ್ಷ ಮಂಗದಿಂದಾದ ನಷ್ಟ ಹಿಂದಿನ ವರ್ಷಕ್ಕಿಂತ ಹೆಚ್ಚೇನೂ ಆಗಲಿಲ್ಲ. ಇದನ್ನು ಅರಗಿಸಿಕೊಳ್ಳಲು ನನಗೆ ಸ್ವಲ್ಪ ಸಮಯ ಹಿಡಿಯಿತು. ಬೆಳೆ ಉಳಿಸುತ್ತಿದ್ದದ್ದು 290 ರೂಪಾಯಿಯ ಶಬ್ದವಲ್ಲ, ಹೊತ್ತಿಗೆ ಸರಿಯಾಗಿ ತೋಟಕ್ಕೆ ಇಳಿಯುವ ಮನುಷ್ಯ. ಕೋವಿ ಇದ್ದದ್ದರಿಂದ ನಾನು ಇಳಿಯುತ್ತಿದ್ದೆ, ಅಷ್ಟೇ. ಕೈಯಲ್ಲೊಂದು ಹೊಸ ವಸ್ತು ಇದ್ದರೆ ಬೆಳಗಿನ ಚಳಿಯಲ್ಲೂ ಸುತ್ತು ಹಾಕಲು ಹುರುಪು ಬರುತ್ತದೆ.

ಮನೆಯ ಲೆಕ್ಕದ ಪುಸ್ತಕ ಹೆಂಡತಿಯ ಕೈಯಲ್ಲಿದೆ. ಕೋವಿಯ ಖರ್ಚನ್ನು ತೋಟದ ಬಾಬ್ತಿಗೆ ಬರೆಯುವುದೋ ನಿಮ್ಮ ಸ್ವಂತದ ಬಾಬ್ತಿಗೋ ಎಂದು ಅವಳು ಕೇಳುತ್ತಲೇ ಇದ್ದಳು. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲವಾದ್ದರಿಂದ ತೋಟದ ಖರ್ಚು ಎಂದು ತೋರಿಸಿ ಉಳಿಸುವಂಥದ್ದೂ ಏನಿಲ್ಲ. ಎಲೆಚುಕ್ಕಿ ರೋಗ ನಗರ, ನಿಟ್ಟೂರು ಕಡೆ ತೋಟಗಳನ್ನು ಸುಡುತ್ತಿರುವಾಗ, ಔಷಧಿ ಸಿಂಪಡಣೆಯ ಪಕ್ಕದ ಸಾಲಿನಲ್ಲಿ ತೋಟಾ ಎಂದು ಬರೆಯಲು ನನಗೂ ಕಷ್ಟವೇ. ಕೊನೆಗೆ ಮೂರನೇ ಒಂದು ಪಾಲು ತೋಟಕ್ಕೆ, ಉಳಿದದ್ದು ನನ್ನ ಚಟಕ್ಕೆ ಎಂದು ಬರೆದುಕೊಂಡಳು. ನಾನು ಅರ್ಧಕ್ಕೆ ಕೇಳಿದ್ದೆ, ಒಪ್ಪಲಿಲ್ಲ.

ಚಟದ ಮಾತು ಬಂದದ್ದರಿಂದ ಹೇಳುತ್ತೇನೆ. ಗುರಿಯಿಟ್ಟು ಹೊಡೆಯುವ ರುಚಿ ನನಗೆ ಹತ್ತಿದ್ದು ಪೊಲೀಸರ ನಾಗರಿಕ ಬಂದೂಕು ತರಬೇತಿಯಲ್ಲಿ. ಉಸಿರು ಅರ್ಧ ಬಿಟ್ಟು ಹಿಡಿದು ಬೆರಳು ಎಳೆಯುವ ಆ ಒಂದು ಗಳಿಗೆಯ ಏಕಾಗ್ರತೆ ಐವತ್ತು ದಾಟಿದವನಿಗೆ ಬೇರೆಲ್ಲೂ ಸಿಗುವುದು ಕಷ್ಟ. ಆ ಸುಖಕ್ಕೆ 12 ಬೋರ್ ದುಬಾರಿ ದಾರಿ. 4.5 ಎಂ.ಎಂ. ಏರ್ ರೈಫಲ್, 20 ಜೂಲ್ ಮೀರದ್ದು, ಲೈಸೆನ್ಸ್ ಇಲ್ಲದೆ ಸಿಗುತ್ತದೆ, ಗುರುತಿನ ಚೀಟಿ ತೋರಿಸಿದರಾಯಿತು. ಒಂದು ಪೆಲೆಟ್ಟಿಗೆ ಎರಡು ರೂಪಾಯಿಯೂ ಬೀಳುವುದಿಲ್ಲ. ಒಂದು ತೋಟಾದ ಹಣದಲ್ಲಿ ಒಂದು ಸಂಜೆ ಪೂರ್ತಿ ಹೊಡೆಯಬಹುದು. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದದ್ದು ಇದೇ ಅಳತೆಯ ಪೆಲೆಟ್ಟಿನಲ್ಲಿ, 10 ಮೀಟರ್ ದೂರಕ್ಕೆ. ಅಡಿಕೆ ಒಣಗಿಸುವ ಅಂಗಳದ ತುದಿಯಲ್ಲಿ ಮರಳು ಮೂಟೆ ಪೇರಿಸಿ, ಹಿಂದೆ ದರೆ ಇರುವ ಹಾಗೆ ನೋಡಿಕೊಂಡು, ಮಗಳೂ ನಾನೂ ಹೊಡೆಯುತ್ತೇವೆ. ಗುರಿಯ ಮೇಲೆ ಅವಳ ಪೆಲೆಟ್ಟುಗಳ ಗುಂಪು ನನ್ನದಕ್ಕಿಂತ ಬಿಗಿ. ಇದನ್ನು ಹಕ್ಕಿಗೂ ಮಂಗನಿಗೂ ತಿರುಗಿಸಿದರೆ ಅದೂ ಬೇಟೆಯೇ, ಶಿಕ್ಷೆಯೂ ಬೇಟೆಗೆ ಇರುವುದೇ.

ಅಗ್ಗದ ಇನ್ನೊಂದು ದಾರಿ ಈಗ ತೋಟಗಳಲ್ಲಿ ಹಬ್ಬಿದೆ: ಪಿವಿಸಿ ಪೈಪಿನ ಕಾರ್ಬೈಡ್ ಗನ್. ಕೆಲವೇ ನೂರು ರೂಪಾಯಿ, ಶಬ್ದ ಕೋವಿಯಷ್ಟೇ. 2025ರ ದೀಪಾವಳಿಯಲ್ಲಿ ಭೋಪಾಲದ ಕಡೆ ಎಷ್ಟೋ ಮಕ್ಕಳ ಕಣ್ಣು ಹಾಳಾದದ್ದು ಇದರಿಂದಲೇ. ನಾನು ಅಂಗಳಕ್ಕೂ ಸೇರಿಸುವುದಿಲ್ಲ.

ಕೋವಿಯನ್ನು ಆಸ್ತಿ ಎಂದುಕೊಂಡವರಿಗೆ ಒಂದು ಮಾತು. ಚಿನ್ನದ ಹಾಗೆ ಅಡವಿಡಲು ಬರುವುದಿಲ್ಲ. ಮಾರಬೇಕೆಂದರೆ ಕೊಳ್ಳುವವನಿಗೂ ಲೈಸೆನ್ಸ್ ಇರಬೇಕು, ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. ಅಷ್ಟರಲ್ಲಿ ಕೊಳ್ಳುವವನ ಮನಸ್ಸು ಬದಲಾಗಿರುತ್ತದೆ. 2019ರ ತಿದ್ದುಪಡಿ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಇರಬಾರದೆಂದ ಮೇಲೆ ಹಳೆಯ ಮನೆತನಗಳ ಮೂರನೇ ಕೋವಿಗಳು ಹೊರಬಂದು, ಬಳಸಿದ ಬಂದೂಕಿನ ಬೆಲೆ ಇನ್ನೂ ಬಿದ್ದಿದೆ ಎಂದು ಅಂಗಡಿಯವರು ಹೇಳುತ್ತಾರೆ. ಅದೇ ತಿದ್ದುಪಡಿ ಲೈಸೆನ್ಸಿನ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿದ್ದು ನಮಗೆ ಆದ ಲಾಭ. ವಾರಸುದಾರರಿಗೆ ದಾಟಿಸಲು ಸಾಯುವವರೆಗೆ ಕಾಯಬೇಕಿಲ್ಲ. ಎಪ್ಪತ್ತು ತುಂಬಿದರೆ, ಅಥವಾ ಕೋವಿ ಇಟ್ಟುಕೊಂಡು 25 ವರ್ಷವಾದರೆ, ಅರ್ಜಿ ಹಾಕಬಹುದು. ಅಪ್ಪಯ್ಯನ ಕೇಪಿನ ಕೋವಿ ನನ್ನ ಹೆಸರಿಗೆ ಬಂದದ್ದು ಹೀಗೇ, ಅವರು ಇರುವಾಗಲೇ.

ತೀರ್ಥಹಳ್ಳಿ ಹತ್ತಿರದ ಭಾವಯ್ಯನಿಗೆ ಎರಡೆಕರೆ ತೋಟ, ಪಕ್ಕದಲ್ಲೇ ಕಾಡು. ಕೋವಿಗೆ ಅರ್ಜಿ ಹಾಕಲಾ ಎಂದು ಹೋದ ತಿಂಗಳು ಕೇಳಿದ. ಮೇಲಿನ ಲೆಕ್ಕವನ್ನೇ ಅವನ ಮುಂದಿಟ್ಟೆ. ಅಕ್ಕಪಕ್ಕದ ಮೂವರು ಸೇರಿ, ಎಳೆ ಅಡಿಕೆ ಬಲಿಯುವವರೆಗೆ ಕಾಯಲು ಒಬ್ಬನನ್ನು ಇಟ್ಟುಕೊಂಡು ಕೂಲಿ ಹಂಚಿಕೊಳ್ಳಿ, ಹಂದಿಗೆ ಸೋಲಾರ್ ಬೇಲಿ ಹಾಕಿಸು ಎಂದೆ. ಬೇಲಿಗೆ ಒಪ್ಪಿದ. ಕಾಯುವವನ ವಿಷಯದಲ್ಲಿ ಮೂರು ಮನೆಯವರು ಇನ್ನೂ ಒಂದು ಮಾತಿಗೆ ಬಂದಿಲ್ಲ. ದಿನಕ್ಕೆ 600 ಕೇಳುತ್ತಾನಂತೆ, ಊಟ ಯಾರ ಮನೆಯಲ್ಲಿ ಎಂಬುದು ತೀರ್ಮಾನವಾಗಬೇಕಂತೆ.