ಉದ್ದ ಹಿತ್ತಿಲಿಗೆ ಸೋಮಾರಿ ಗಿಡಗಳು

ಚಿ. ನಂದಿನಿ,

ಮೈಸೂರಿನ ನಿನ್ನ ಹೊಸ ಮನೆಯ ಹಿತ್ತಿಲಿನ ಫೋಟೊ ನೋಡಿದೆ. 10 ಅಡಿ ಅಗಲ, 50 ಅಡಿ ಉದ್ದ. ನಡುವೆ ಹುಲ್ಲುಹಾಸು, ಎರಡೂ ಗೋಡೆಗೆ ಸಾಲು ಕುಂಡ ಅಂದೆಯಲ್ಲ, ಬೇಡ ಕಣೇ. ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಡುವವಳು ನೀನು. ಹುಲ್ಲಿಗೆ ಬೇಸಿಗೆಯಲ್ಲಿ ನೀರು ಹಾಯಿಸಬೇಕು, ಮಳೆಗಾಲದಲ್ಲಿ ಕತ್ತರಿಸುತ್ತಲೇ ಇರಬೇಕು. ಕುಂಡದ ಮಣ್ಣಂತೂ ಏಪ್ರಿಲ್ ಬಿಸಿಲಿಗೆ ಒಂದೇ ದಿನದಲ್ಲಿ ಒಣಗುತ್ತದೆ. ಮೇಲಾಗಿ, ಎರಡು ಸಾಲಿನ ನಡುವೆ ಜಾಗ ರೈಲಿನ ಬೋಗಿಯ ಹಾಗೆ ಕಾಣುತ್ತದೆ.

ದಿನಾ ನೀನು ಓಡಾಡುವುದು ಅಡುಗೆಮನೆ ಬಾಗಿಲಿನಿಂದ ಬಟ್ಟೆ ಒಗೆಯುವ ಕಲ್ಲಿನವರೆಗೆ ತಾನೇ? ಕರಿಬೇವು, ದೊಡ್ಡಪತ್ರೆ, ಚಕ್ರಮುನಿ ಸೊಪ್ಪು ಅಷ್ಟರೊಳಗೇ ಇರಲಿ. ಸೋಪಿನ ನೀರು ಹರಿಯುವಲ್ಲಿ ಬಾಳೆ ನೆಡು. ಒಂದೆಲಗ ಮಾತ್ರ ಅಲ್ಲಿ ಬೇಡ, ಹಸಿಯಾಗಿ ಅರೆದು ತಿನ್ನುವ ಸೊಪ್ಪು ಅದು.

ಕಲ್ಲಿನಾಚೆ, ಒಂದು ಗೋಡೆಯಿಂದ ಅರ್ಧ ಅಗಲದವರೆಗೆ ದಾಸವಾಳ ಅಡ್ಡ ಬರಲಿ. ಹಾದಿ ಅದನ್ನು ಬಳಸಿಕೊಂಡು ಹೋಗಲಿ. ಹಿಂದೇನಿದೆ ಅನ್ನುವುದು ಬಾಗಿಲಲ್ಲಿ ನಿಂತವರಿಗೆ ಕಾಣಬಾರದು. ಹಾದಿಗೆ ಎರಡೂವರೆ ಅಡಿ ಸಾಕು. ಚಪ್ಪಡಿ ಕಲ್ಲನ್ನು ಸಿಮೆಂಟಿನಲ್ಲಿ ಕೂರಿಸದೆ ಮರಳಿನ ಮೇಲೆ ಹಾಸಿಸು. ಮಳೆ ನೀರು ಇಂಗುತ್ತದೆ, ನಾಳೆ ಪೈಪು ರಿಪೇರಿಗೆ ಬಂದರೆ ಎಬ್ಬಿಸಲೂ ಸುಲಭ.

ನಿನ್ನ ಹಿತ್ತಿಲು ಪೂರ್ವ ಪಶ್ಚಿಮ ಉದ್ದಕ್ಕಿದೆ. ಡಿಸೆಂಬರಿನಲ್ಲಿ 6 ಅಡಿ ಎತ್ತರದ ದಕ್ಷಿಣದ ಗೋಡೆ ನಡುಮಧ್ಯಾಹ್ನವೂ 4 ಅಡಿಗಿಂತ ಹೆಚ್ಚು ನೆರಳು ಚೆಲ್ಲುತ್ತದೆ. ಹೂವಿನ ಗಿಡಗಳನ್ನೆಲ್ಲ ಉತ್ತರದ ಗೋಡೆ ಕಡೆ ಹಾಕು. ದಕ್ಷಿಣದ ಬುಡದಲ್ಲಿ ಒಂದೆಲಗ, ಜರೀಗಿಡ ಹಬ್ಬಿಕೊಳ್ಳಲಿ.

ಕೊನೆಯಲ್ಲಿ ಪಾರಿಜಾತ, ನಂದಿಬಟ್ಟಲು. ಬೇರೂರಿದ ಮೇಲೆ ಅವು ನಿನ್ನನ್ನು ಕರೆಯುವುದಿಲ್ಲ. ನುಗ್ಗೆ ಹಾಕು ಅಂತ ನಿಮ್ಮತ್ತೆ ಹೇಳಿಯೇ ಹೇಳುತ್ತಾರೆ. ಕಂಬಳಿಹುಳು ಬಂದಾಗ ಬಡಿಯುವವರು ಯಾರು, ಗಾಳಿಗೆ ಮುರಿದ ಕೊಂಬೆ ಎತ್ತುವವರು ಯಾರು, ಕೇಳಿ ನೋಡು.

ಉದುರಿದ ಎಲೆಯನ್ನು ಗುಡಿಸಿ ಸುಡಬೇಡ. ಬುಡದಿಂದ ಗೇಣು ದೂರ ಬಿಟ್ಟು ನಾಲ್ಕು ಬೆರಳು ದಪ್ಪ ಹರಡಿದರೆ ಕಳೆಯೂ ಕಡಿಮೆ, ತೇವವೂ ಉಳಿಯುತ್ತದೆ. ಹನಿ ನೀರಾವರಿಗೆ ಇಷ್ಟು ಹೊಂದುವ ಜಾಗ ಇನ್ನೊಂದಿಲ್ಲ: ಒಂದೇ ಪೈಪು ಈ ತುದಿಯಿಂದ ಆ ತುದಿಗೆ.

ಚಪ್ಪಡಿ ಕೆಲಸ ಮೇ ತಿಂಗಳಲ್ಲೇ ಮುಗಿಸಿಬಿಡು. ಮೃಗಶಿರಾ ಮಳೆ ಬಂದ ಕೂಡಲೇ ನೆಡಬೇಕು. ಪಾರಿಜಾತದ ಸಸಿ ನಮ್ಮಲ್ಲೇ ಎದ್ದಿವೆ, ದುಡ್ಡು ಕೊಟ್ಟು ತರಬೇಡ, ಬಂದು ತೆಗೆದುಕೊಂಡು ಹೋಗು.

ನಿನ್ನ ಚಿಕ್ಕಮ್ಮ