ಜೋಡುನಳಿಗೆ ಕೋವಿಯ ಮುಂದಿನ ಮರ

ಶೃಂಗೇರಿ, ಕೊಪ್ಪ, ಎನ್.ಆರ್.ಪುರ ಕಡೆಯ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಯ ಲೈಸೆನ್ಸಿನ ಮೇಲೆ ಅಜ್ಜನ ಕಾಲದ ಹನ್ನೆರಡು ಬೋರಿನ ಜೋಡುನಳಿಗೆ ಕೋವಿಗಳು ಇನ್ನೂ ಉಳಿದಿವೆ. ನಳಿಗೆ ಗಟ್ಟಿಮುಟ್ಟಾಗಿರುತ್ತದೆ, ಅದರಡಿ ಎಡಗೈ ಹಿಡಿಯುವ ಮರ ಮಾತ್ರ ಉದ್ದಕ್ಕೆ ಸೀಳಿರುತ್ತದೆ. ರಿಪೇರಿಗೆ ತಂದವರು ಮರವನ್ನು ಬೈಯುತ್ತಾರೆ. ನಾನು ಮೊದಲು ಕಬ್ಬಿಣ ನೋಡುತ್ತೇನೆ.

1. ತೋಟೆ ಇಲ್ಲವೆಂದು ಎರಡೂ ನಳಿಗೆ ಇಣುಕಿ ಖಚಿತ ಮಾಡಿಕೊಂಡು, ಮುಂದಿನ ಮರ ಕಳಚಿ, ಕೋವಿಯನ್ನು ಮುಚ್ಚಿದಂತೆಯೇ ಹಿಡಿದು ಮೆಲ್ಲಗೆ ಅಲುಗಿಸಿ. ಕಟಕಟ ಎಂದರೆ ನಳಿಗೆ ಮಡಚುವ ಕೀಲು ಸವೆದಿದೆ. ಮರ ಹಾಕಿದ್ದಾಗ ಇದು ತಿಳಿಯುವುದಿಲ್ಲ, ಮರದೊಳಗೆ ಕೂರಿಸಿದ ಕಬ್ಬಿಣ ಸಡಿಲವನ್ನು ಒತ್ತಿ ಮುಚ್ಚಿಡುತ್ತದೆ. ಪ್ರತಿ ಈಡಿಗೂ ಆ ಕಬ್ಬಿಣ ಕದಲಿ ತೆಳ್ಳಗಿನ ಮರದ ಗೋಡೆಗೆ ಗುದ್ದುತ್ತದೆ. ಕಬ್ಬಿಣವನ್ನು ಮರಕ್ಕೆ ಬಿಗಿದ ಸ್ಕ್ರೂ ಸಡಿಲವಾದರೂ ಕಥೆ ಇದೇ. ಕೀಲು ಸರಿಮಾಡಿಸುವವರೆಗೆ ಈಡು ಹೊಡೆಯಬೇಡಿ.

2. ಕುದುರೆ (ಹ್ಯಾಮರ್) ಹೊರಗೆ ಕಾಣದ ಕೋವಿಗಳಲ್ಲಿ ಬಹಳಷ್ಟು 1875ರ ಆನ್ಸನ್-ಡೀಲಿ ವಿನ್ಯಾಸದವು. ಇವುಗಳಲ್ಲಿ ನಳಿಗೆ ಮಡಚಿದಾಗ ಮುಂದಿನ ಮರದ ಕಬ್ಬಿಣವೇ ಸನ್ನೆಗಳನ್ನು ಒತ್ತಿ ಒಳಗಿನ ಕುದುರೆ ಏರಿಸುತ್ತದೆ. ಬಿಚ್ಚಿಟ್ಟ ಕೋವಿಯ ಟ್ರಿಗರನ್ನು ಹುಡುಗರು ಎಳೆದಿದ್ದರೆ ಸನ್ನೆ ಜಾಗ ಬಿಟ್ಟಿರುತ್ತದೆ, ಮರ ಕೂರುವುದಿಲ್ಲ. ಆಗ ಅಂಗೈಯಿಂದ ಗುದ್ದಿ ಕೂರಿಸಲು ಹೋಗಿ ಸೀಳಿದ ಮರಗಳೇ ನನ್ನ ಮೇಜಿಗೆ ಹೆಚ್ಚು ಬರುವುದು.

3. ಎಣ್ಣೆಯ ವಿಷಯದಲ್ಲಿ ನಮ್ಮವರ ಕೈ ಧಾರಾಳ. ನಳಿಗೆಗೆ ಸುರಿದ ಮೆಶಿನ್ ಎಣ್ಣೆ ಇಳಿದು ಮುಂದಿನ ಮರದೊಳಗೆ ಸೇರುತ್ತದೆ. ವರ್ಷಗಟ್ಟಲೆ ಕುಡಿದ ಮರ ಕಪ್ಪಾಗಿ, ಮೆತ್ತಗಾಗಿ, ಸ್ಕ್ರೂ ಹಿಡಿಯದಂತಾಗುತ್ತದೆ. ಕಬ್ಬಿಣಕ್ಕೆ ಎಣ್ಣೆ ಸವರಿದ ಬಟ್ಟೆ ಒರೆಸಿದರೆ ಸಾಕು. ಮರಕ್ಕೆ ಕೊಬ್ಬರಿ ಎಣ್ಣೆ ಬೇಡವೇ ಬೇಡ, ಅದು ಒಣಗುವುದಿಲ್ಲ. ಪೇಂಟ್ ಅಂಗಡಿಯ ಬಾಯಿಲ್ಡ್ ಅಗಸೆ ಎಣ್ಣೆ ಒಣಗಿ ಪದರವಾಗುತ್ತದೆ. ಬೆರಳ ತುದಿಯಷ್ಟು ತೆಗೆದುಕೊಂಡು, ಹೊರಮೈಗಿಂತ ಮುಖ್ಯವಾಗಿ ಒಳಗಿನ ಕಾಲುವೆಗೂ ಎರಡು ತುದಿಗಳಿಗೂ ಉಜ್ಜಿ, ಮಿಕ್ಕಿದ್ದನ್ನು ಒರೆಸಿ. ಉಜ್ಜಿದ ಬಟ್ಟೆಯನ್ನು ಮುದ್ದೆ ಮಾಡಿ ಅಡಿಕೆ ಸಿಪ್ಪೆಯ ರಾಶಿಗೆ ಎಸೆಯಬೇಡಿ. ಅಗಸೆ ಎಣ್ಣೆಯ ಬಟ್ಟೆ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹರಡಿ ಒಣಗಿಸಿ. ಆಯುಧಪೂಜೆಯ ಅರಿಶಿನ ಕುಂಕುಮದ ನೀರನ್ನೂ ಅಂದೇ ಒರೆಸಿಬಿಡಿ, ದೇವಿ ಮುನಿಯುವುದಿಲ್ಲ.

4. ತೇವಕ್ಕೆ ಮರ ಅಗಲಕ್ಕೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಸೀಳು ಉದ್ದಕ್ಕೇ ಓಡುವುದು ಅದಕ್ಕೆ. ಮಳೆಗಾಲದಲ್ಲಿ ನೆನೆದ ಕೋವಿಯನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸುವುದು ಹಳೆಯ ಚಾಳಿ. ಒಳಕೋಣೆಯ ಗೋಡೆ ತಾಗದ ಗೂಟವೇ ಮೇಲು. ಪ್ಲಾಸ್ಟಿಕ್ ಚೀಲ ಬೇಡ. ಚುನಾವಣೆ ಬಂದರೆ ಕೋವಿ ಠೇವಣಿಯಾಗಿ ಠಾಣೆಗೆ ಹೋಗುತ್ತದೆ. 2024ರ ಲೋಕಸಭೆಯದ್ದನ್ನೇ ನೋಡಿ: ಮಾರ್ಚ್ 16ಕ್ಕೆ ನೀತಿಸಂಹಿತೆ, ಜೂನ್ 4ಕ್ಕೆ ಎಣಿಕೆ. ಬಿರುಬಿಸಿಲಿಗೆ ಒಳಗೆ ಹೋದ ಮರ ಮುಂಗಾರಿಗೆ ಹೊರಬರುತ್ತದೆ. ಕೊಡುವ ಮೊದಲು ಎಣ್ಣೆ ಒರೆಸಿ, ಮರದ ಫೋಟೋ ತೆಗೆದುಕೊಳ್ಳಿ. ತಂದಮೇಲೆ ಒಂದು ವಾರ ನೆರಳಲ್ಲಿಟ್ಟು ಆಮೇಲೆ ಬಿಚ್ಚಿ.

5. ಹಳೆಯ ಇಂಗ್ಲಿಷ್ ಕೋವಿಗಳ ತೋಟೆಮನೆ ಹೆಚ್ಚಾಗಿ 65 ಮಿ.ಮೀ. ಉದ್ದದ್ದು. 70ರ ತೋಟೆಯೂ ಒಳಗೆ ಕೂರುತ್ತದೆ, ಅದೇ ಅಪಾಯ; ಒತ್ತಡವೂ ಒದೆತವೂ ಏರಿ ಮುಂದಿನ ಮರಕ್ಕೂ ಪೆಟ್ಟು ಬೀಳುತ್ತದೆ. ಅಳೆಸಿಕೊಂಡೇ ತೋಟೆ ಕೊಳ್ಳಿ.

6. ಕೂದಲೆಳೆಯ ಬಿರುಕು ಕಂಡರೆ ಫೆವಿಕ್ವಿಕ್ ಸುರಿಯಬೇಡಿ. ಎಣ್ಣೆ ಕುಡಿದ ಮರಕ್ಕೆ ಯಾವ ಅಂಟೂ ನಿಲ್ಲುವುದಿಲ್ಲ. ಮೊದಲು ಅಸಿಟೋನಿನಲ್ಲಿ ಕಲಸಿದ ಚಾಕ್ ಪುಡಿ ಮೆತ್ತಿ ಎಣ್ಣೆ ಹೀರಿಸಬೇಕು, ಪುಡಿ ಬೆಳ್ಳಗೇ ಉಳಿಯುವವರೆಗೆ. ಆಮೇಲೆ ತೆಳು ಎಪಾಕ್ಸಿ. ಊರ ಆಚಾರಿಯ ಕೈ ಎಷ್ಟೇ ಚೆನ್ನಾಗಿರಲಿ, ಕೋವಿಯನ್ನು ಅವರ ಕೊಟ್ಟಿಗೆಯಲ್ಲಿ ಬಿಟ್ಟು ಬರುವಂತಿಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ರಿಪೇರಿಗೂ ಲೈಸೆನ್ಸ್ ಬೇಕು. ಬಿಡಿಭಾಗವೂ ಕಾಯ್ದೆಯ ಲೆಕ್ಕದಲ್ಲಿ ಆಯುಧವೇ.